ಮಿರಾಫ್ಲೋರೆಸ್ ಫಲಕತ್ರಯದ ಕರ್ತೃತ್ವ ವಿಚಾರ

15ನೆಯ ಶತಮಾನದಲ್ಲಿ ಫ್ಲಾಂಡರ್ಸ್, ಬ್ರಬಾಂಟ್ ಮೊದಲಾದ ನೆದರ್ಲೆಂಡ್ ಪ್ರಾಂತಗಳಲ್ಲಿ ಓಕ್ ಮರದ ಹಲಗೆಗಳ ಮೇಲೆ ತೈಲವರ್ಣದಲ್ಲಿ ರಚಿತವಾದ ಧಾರ್ಮಿಕ ಚಿತ್ರಗಳನ್ನು ಅಭ್ಯಾಸಮಾಡುವವರಿಗೆ ಮೊಟ್ಟಮೊದಲು ಎದುರಾಗುವ ತೊಡಕು ಕರ್ತೃತ್ವದ್ದು. ಯಾನ್ ವಾನ್ ಐಕನು ತನ್ನ ಹಲವು ಚಿತ್ರಗಳ ಚೌಕಟ್ಟಿನ ಮೇಲೆ ಹೆಸರನ್ನೂ ತಿಥಿಯನ್ನೂ ಬರೆದಿಟ್ಟನು. ಆ ಕಾಲಕ್ಕೆ ಇದು ಅಪವಾದವೇ ಹೊರತು ವಾಡಿಕೆಯಲ್ಲ. ಅವನಷ್ಟೇ ಕೀರ್ತಿವಂತನಾಗಿದ್ದ, ಪ್ರಭಾವದ ವ್ಯಾಪ್ತಿಯಲ್ಲಿ ಅವನನ್ನೂ ಮೀರಿಸಿದ ರೋಖಿರ್ ವಾನ್ ಡರ್ ವೇಯ್ಡನನ ಸಹಿಯುಳ್ಳ ಕೃತಿ ಇಂದು ಒಂದೂ ಉಳಿದಿಲ್ಲ. ಬ್ರಸೆಲ್ಸ್ ನಗರಭವನಕ್ಕಾಗಿ ಅವನು ಬರೆದ, ಶತಮಾನಗಳ ಕಾಲ ಯಾತ್ರಿಕರು ಹೋಗಿ ನೋಡಿ ಬರುತ್ತಿದ್ದ, ನ್ಯಾಯಪಾಲನೆಯ ಚಿತ್ರಗಳು 1695ರಲ್ಲಿ ಫ್ರೆಂಚ್ ಸೈನ್ಯದ ಫಿರಂಗಿ ದಾಳಿಯಲ್ಲಿ ಭಸ್ಮವಾದುವು. ಉಳಿದವುಗಳಲ್ಲಿ ಹಳೆಯ ಲಿಖಿತಾಧಾರದಿಂದ ಇವನವೆಂದು ದೃಢವಾಗಿ ಹೇಳಬಹುದಾದವು ಮೂರು ಮಾತ್ರ: ಮ್ಯಾಡ್ರಿಡ್ಡಿನ ಪ್ರಾದೋ ಸಂಗ್ರಹಾಲಯದಲ್ಲಿರುವ ಶಿಲುಬೆಯಿಂದ ಕ್ರಿಸ್ತನನ್ನು ಇಳಿಸುವ ಚಿತ್ರ, ಎಸ್ಕೋರಿಯಲ್‌ನಲ್ಲಿರುವ ಶಿಲುಬೆಯ ಮರಣದ ಚಿತ್ರ, ಮತ್ತು ಸ್ಪೇನಿನ ಬುರ್ಗೋಸ್ ಪಟ್ಟಣದ ಬಳಿಯ ಮಿರಾಫ್ಲೋರೆಸ್ ಮಠಕ್ಕೆ ಸೇರಿದ್ದ ಫಲಕತ್ರಯ. ರೋಖಿರನವೆಂದು ಇಂದು ಎಣಿಸಲಾಗುವ ಇತರ ಎಲ್ಲ ಚಿತ್ರಗಳೂ ಶೈಲಿಸಾಮ್ಯದ ಮೂಲಕ ಈ ಮೂರಕ್ಕೆ ತಗುಲಿಕೊಂಡು ನಿಂತಿವೆ. ಆದಕಾರಣ ಈ ಮೂರರಲ್ಲಿ ಒಂದು ಅಲುಗಿದರೂ ಕಟ್ಟಡವೆಲ್ಲ ಅಲುಗಬೇಕಾಗುತ್ತದೆ.

ಹಾಗೆ ಅಲುಗಿದ್ದು ಮೂರನೆಯದು. ಕರ್ತೃವಿನ ಹೆಸರಿನಲ್ಲಿ ಅಲ್ಲಿ ಸಂಶಯವಿರಲಿಲ್ಲ, ಸಂಶಯವಿದ್ದುದು ವಸ್ತುವಿನಲ್ಲಿ. ಒಂದೇ ರಚನೆಯ ಎರಡು ಫಲಕತ್ರಯಗಳು ಉಳಿದುಬಂದಿದ್ದುವು. ಗ್ರಂಥಸಂಪಾದಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇವುಗಳಲ್ಲಿ ಮಾತೃಕೆ ಯಾವುದು, ಪ್ರತಿ ಯಾವುದು ಎಂಬುದೇ ಪ್ರಶ್ನೆ. 20ನೆಯ ಶತಮಾನದ ಬಹುಭಾಗ ಈ ಪ್ರಶ್ನೆಗೆ ದೊರೆತ ಉತ್ತರ ತಪ್ಪಾಗಿತ್ತು; ಉತ್ತರ ಕೊಟ್ಟವರು ಸಾಮಾನ್ಯರಾಗಿರಲಿಲ್ಲ. ಆ ತಪ್ಪು ಹೇಗೆ ಸಂಭವಿಸಿತೆಂಬುದನ್ನೂ, ಅದು ತಿದ್ದಿಕೊಂಡ ಮೇಲೆ ಈ ಚಿತ್ರಗಳನ್ನು ನಾವು ಹೇಗೆ ಕಾಣಬೇಕೆಂಬುದನ್ನೂ ಇಲ್ಲಿ ವಿವೇಚಿಸುತ್ತೇವೆ.

ಮೊದಲು ದಾಖಲೆ. ಕಾಸ್ಟೀಲಿನ ದೊರೆ ಎರಡನೆಯ ಹುವಾನನು 1442ರಲ್ಲಿ ಬುರ್ಗೋಸಿನ ಹೊರವಲಯದ ತನ್ನ ಅರಮನೆಯನ್ನು ಕಾರ್ಥೂಸಿಯನ್ ಪಂಥದ ಮೌನವ್ರತಿಗಳಿಗೆ ಬಿಟ್ಟುಕೊಟ್ಟನು. 1445ರಲ್ಲಿ ಅದೇ ಮಠಕ್ಕೆ ಬಹುಮೂಲ್ಯವಾದ ಒಂದು ಪೂಜಾಫಲಕವನ್ನು ದಾನಮಾಡಿದನೆಂದು ಮಠದ ಲ್ಯಾಟಿನ್ ದಾಖಲೆಯೊಂದು ಹೇಳುತ್ತಿತ್ತು. ಅದರಲ್ಲಿ ಮೂರು ಕಥಾಪ್ರಸಂಗಗಳಿದ್ದುವು: ಕ್ರಿಸ್ತನ ಜನನ, ಶಿಲುಬೆಯಿಂದಿಳಿಸಿದ ಕ್ರಿಸ್ತನಿಗಾಗಿ ತಾಯಿಯ ಶೋಕ, ಪುನರುತ್ಥಾನದ ಅನಂತರ ತಾಯಿಗೆ ಮಗನ ದರ್ಶನ. ಇದನ್ನು ಬರೆದವನು ಮಹಾನ್ ಖ್ಯಾತಿವಂತನಾದ ಫ್ಲೆಮಿಷ್ ಆಚಾರ್ಯ ರೋಖಿರನೆಂದೂ ಅಲ್ಲಿ ಸ್ಪಷ್ಟವಾಗಿ ಉಕ್ತವಾಗಿದ್ದಿತು. 18ನೆಯ ಶತಮಾನದ ಅಂತ್ಯಭಾಗದಲ್ಲಿ ಸ್ಪೇನನ್ನೆಲ್ಲ ಸುತ್ತಿ ಕಲಾವಸ್ತುಗಳ ವರ್ಣನೆಯನ್ನು ಬರೆದ ಅಂತೋನಿಯೋ ಪೋನ್ಸನು ಈ ದಾಖಲೆಯನ್ನು ಕಂಡು ತನ್ನ ಪ್ರವಾಸಗ್ರಂಥದಲ್ಲಿ ಅಚ್ಚುಮಾಡಿಸಿದನು. ನಮಗೆ ಅದು ದಕ್ಕಿರುವುದು ಅವನ ಮೂಲಕವೇ.

ಈ ಒಂದು ವಾಕ್ಯಖಂಡದ ಬೆಲೆ ಅಪಾರ. ರೋಖಿರನು 1427ರಲ್ಲಿ ತೂರ್ನೇ ಪಟ್ಟಣದ ರಾಬರ್ಟ್ ಕಾಂಪಿನನ ಕಾರ್ಯಾಗಾರವನ್ನು ಸೇರಿ 1432ರಲ್ಲಿ ಶ್ರೇಣಿಯ ಆಚಾರ್ಯಪದವಿಯನ್ನು ಪಡೆದವನು. 1436ರ ವೇಳೆಗೆ ಬ್ರಸೆಲ್ಸ್ ನಗರದ ಅಧಿಕೃತ ಚಿತ್ರಕಾರನಾಗಿದ್ದವನು. 1464ರ ಜೂನ್ ತಿಂಗಳಲ್ಲಿ ತೀರಿಕೊಂಡವನು. 1445 ದಾನದ ವರ್ಷವೇ ಹೊರತು ರಚನೆಯ ವರ್ಷವಲ್ಲ. ಆದರೆ ರಚನೆ ಅದಕ್ಕೂ ಹಿಂದಿನದೆಂಬುದು ಸ್ವತಸ್ಸಿದ್ಧ. ರೋಖಿರನ ಮಿಕ್ಕ ಚಿತ್ರಗಳ ಕಾಲಾನುಕ್ರಮವನ್ನು ಕಟ್ಟಲು ಹೊರಟವರಿಗೆ ಇದಕ್ಕಿಂತ ಗಟ್ಟಿಯಾದ ನೆಲೆ ಇನ್ನೊಂದಿಲ್ಲ. ಕಾಂಪಿನನವೆನ್ನಲಾಗುವ ಚಿತ್ರಗಳೂ ರೋಖಿರನ ತಾರುಣ್ಯದ ಕೃತಿಗಳೇ ಎಂಬ ವಾದವೊಂದು ಬಹುಕಾಲ ನಡೆಯಿತು. ಆ ವಾದದ ಉಭಯಪಕ್ಷಗಳೂ ಮಿರಾಫ್ಲೋರೆಸ್ ಫಲಕಗಳನ್ನು ಸಾಕ್ಷಿಗೆ ಕರೆಯದೆ ಇರಲಾಗಲಿಲ್ಲ.

ಆದರೆ ದಾಖಲೆ ಯಾವ ಫಲಕಗಳನ್ನು ಕುರಿತದ್ದು? ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಮಠದಲ್ಲಿದ್ದ ಫಲಕತ್ರಯವನ್ನು ಫ್ರೆಂಚ್ ಸೇನಾನಿಯೊಬ್ಬನು ಕೊಂಡೊಯ್ದನು. ಅದು ಕೈಯಿಂದ ಕೈಗೆ ಸಾಗಿ ನೆದರ್ಲೆಂಡ್ಸಿನ ದೊರೆ ಎರಡನೆಯ ವಿಲ್ಲೆಮನ ಸಂಗ್ರಹವನ್ನು ಸೇರಿತು. ಅವನ ಮರಣಾನಂತರ 1850ರಲ್ಲಿ ಆ ಸಂಗ್ರಹ ಹರಾಜಾದಾಗ ಬರ್ಲಿನ್ ಸಂಗ್ರಹಾಲಯ ಅದನ್ನು ಕೊಂಡುಕೊಂಡಿತು. ಇಂದಿಗೂ ಅದು ಅಲ್ಲಿಯೇ ಇದೆ. ಮೂರು ಫಲಕಗಳೂ ಸಮಪ್ರಮಾಣದವು. ಒಂದೊಂದೂ ಸುಮಾರು 71 ಸೆಂಟಿಮೀಟರ್ ಎತ್ತರ, 43 ಸೆಂಟಿಮೀಟರ್ ಅಗಲ. ಬದಿಯ ಫಲಕಗಳು ಮಧ್ಯದ್ದರಷ್ಟೇ ಅಗಲವಾಗಿರುವುದರಿಂದ ಎರಡು ಬಾಗಿಲುಗಳಂತೆ ಅವುಗಳನ್ನು ನಡುವಣದರ ಮೇಲೆ ಮುಚ್ಚುವಂತಿಲ್ಲ. ವೇದಿಕೆಯ ಮೇಲಣ ಸಾಮಾನ್ಯ ತ್ರಿಪುಟದೊಡನೆ ಇದನ್ನು ಗೊಂದಲಿಸಬಾರದು.

1908ರಲ್ಲಿ ಸ್ಪೇನಿನ ವಿದ್ವಾಂಸ ಮಾನುಯೆಲ್ ಗೋಮೆಸ್ ಮೊರೇನೋ ಅವರು ಗ್ರನಾಡಾ ನಗರದ ರಾಜಪ್ರಾರ್ಥನಾಮಂದಿರದ ಚಿತ್ರನಿಧಿಯನ್ನು ಪ್ರಕಟಪಡಿಸಿದಾಗ ಸಮಸ್ಯೆ ಹುಟ್ಟಿತು. ಅಲ್ಲಿ ಬರ್ಲಿನ್ನಿನ ಮೊದಲ ಎರಡು ಫಲಕಗಳ ರಚನೆಯನ್ನೇ ಹೊಂದಿದ, ಮೇಲ್ಭಾಗ ಕತ್ತರಿಸಿಹೋದ ಎರಡು ಫಲಕಗಳಿದ್ದುವು. ಆ ಗುಂಪಿನ ಮೂರನೆಯದು, ಅಂದರೆ ತಾಯಿಗೆ ಕ್ರಿಸ್ತನ ದರ್ಶನ, ಬೇರೆಯಾಗಿ ಮಾರಾಟಕ್ಕೆ ಬಂದು 1921ರ ಮರಣಶಾಸನವೊಂದರ ಮೂಲಕ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಸೇರಿತು. ಗ್ರನಾಡಾದ ಮಂದಿರಕ್ಕೆ ಈ ಚಿತ್ರಗಳು ಬಂದದ್ದು ರಾಣಿ ಇಸಬೆಲಾಳಿಂದ. ದಾನಮಾಡಿದ ಹುವಾನ್ ದೊರೆಯ ಮಗಳೇ ಆಕೆ.

ಇಲ್ಲಿಂದ ಊಹೆ ಹೊರಟಿತು. ತಂದೆಯ ಅಮೂಲ್ಯ ಚಿತ್ರವನ್ನು ಮಗಳು ತನ್ನಲ್ಲಿ ಇರಿಸಿಕೊಂಡಿರಲಾರಳೆ? ಗ್ರನಾಡಾ ಮತ್ತು ನ್ಯೂಯಾರ್ಕಿನ ಫಲಕಗಳು ಬರ್ಲಿನ್ನಿನವುಗಳಿಗಿಂತ ತುಸು ಚಿಕ್ಕವಾದರೂ ಮೇಲ್ಮೈಯ ನಯದಲ್ಲಿ, ವರ್ಣದ ರತ್ನಕಾಂತಿಯಲ್ಲಿ ಕಣ್ಣನ್ನು ಒಡನೆಯೇ ಸೆರೆಹಿಡಿಯುತ್ತವೆ. ಬರ್ಲಿನ್ನಿನವು ಅವುಗಳ ಮುಂದೆ ಕೊಂಚ ಒರಟೆಂದೂ ಶುಷ್ಕವೆಂದೂ ಅನೇಕರಿಗೆ ತೋರಿದುವು. ಉತ್ತಮವಾದುದೇ ಮೂಲ, ಮಿಕ್ಕದ್ದು ಪ್ರತಿ ಎಂಬ ನ್ಯಾಯದಿಂದ ನಿರ್ಣಯ ಹೊರಬಿದ್ದಿತು. ಎರ್ವಿನ್ ಪನೋಫ್‌ಸ್ಕಿಯವರು 1953ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿಯೂ ಗ್ರನಾಡಾ ಮತ್ತು ನ್ಯೂಯಾರ್ಕಿನ ಫಲಕಗಳಿಗೇ ಮೂಲದ ಸ್ಥಾನ ದೊರೆಯಿತು. ಈ ಚಿತ್ರಪರಂಪರೆಯ ವಿಷಯದಲ್ಲಿ ಅವರಿಗಿಂತ ವಿಶಾಲವಾದ ಪಾಂಡಿತ್ಯವುಳ್ಳವರು ಆಗ ವಿರಳ. ಬರ್ಲಿನ್ನಿನ ಫಲಕಗಳ ಮೇಲೆ ಪ್ರತಿಯೆಂಬ ಮುದ್ರೆ ಬಿದ್ದಿತು.

ಈ ನಿರ್ಣಯದಲ್ಲಿ ಒಂದು ದೌರ್ಬಲ್ಯ ಮೊದಲಿಂದಲೂ ಇದ್ದಿತೆಂದು ನಮಗೆ ತೋರುತ್ತದೆ. ಮಠದಿಂದ ಹೊರಟದ್ದು ಬರ್ಲಿನ್ನಿನ ಫಲಕಗಳು. ದಾಖಲೆ ಇದ್ದದ್ದು ಮಠದಲ್ಲಿ. ಗ್ರನಾಡಾದವು ಮೂಲವೆನ್ನಬೇಕಾದರೆ, ರಾಜನು ಮಠಕ್ಕೆ ಕೊಟ್ಟ ದಾನವನ್ನು ಯಾರೋ ಒಯ್ದು, ಅದರ ಸ್ಥಳದಲ್ಲಿ ಪ್ರತಿಯನ್ನು ನಿಲ್ಲಿಸಿದರೆಂದು ಕಲ್ಪಿಸಿಕೊಳ್ಳಬೇಕು. ಇಂಥ ವಿನಿಮಯಕ್ಕೆ ಯಾವ ದಾಖಲೆಯನ್ನೂ ಯಾರೂ ತೋರಿಸಲಿಲ್ಲ. ತಂದೆತಾಯಿಗಳ ಸಮಾಧಿಯನ್ನು ಅದೇ ಮಠದಲ್ಲಿ ವೈಭವದಿಂದ ಕಟ್ಟಿಸಿದ ರಾಣಿ, ತಂದೆ ಅಲ್ಲಿಗೆ ಅರ್ಪಿಸಿದ್ದನ್ನು ತೆಗೆದುಕೊಂಡು ಹೋದಳೆಂಬುದು ಅಸಾಧ್ಯವಲ್ಲದಿದ್ದರೂ ಸುಲಭವಾಗಿ ನಂಬತಕ್ಕುದಲ್ಲ. ವಂಶಾವಳಿ ಹೀಗೆ ಒಂದು ಕಡೆಗೆ ಬೆರಳು ತೋರುತ್ತಿರಲು, ಕಣ್ಣು ಇನ್ನೊಂದು ಕಡೆಗೆ ಎಳೆಯಿತು. ವಿದ್ವಾಂಸರು ಕಣ್ಣಿನ ಹಿಂದೆ ಹೋದರು.

ಸಾಕ್ಷ್ಯ ಕೊನೆಗೆ ದೊರೆತದ್ದು ಚಿತ್ರದ ಮುಂಭಾಗದಿಂದಲ್ಲ, ಹಲಗೆಯ ಅಂಚಿನಿಂದ. ನೆದರ್ಲೆಂಡಿನ ಚಿತ್ರಕಾರರು ಬಳಸಿದ ಓಕ್ ಹಲಗೆಗಳು ಬಹುಪಾಲು ಬಾಲ್ಟಿಕ್ ಕರಾವಳಿಯ ಕಾಡುಗಳಿಂದ ಹಡಗಿನಲ್ಲಿ ಬರುತ್ತಿದ್ದುವು. ಮರ ವರ್ಷಕ್ಕೊಂದು ಉಂಗುರದಂತೆ ಬೆಳೆಯುತ್ತದೆ. ಮಳೆ ಬಿಸಿಲುಗಳ ಏರಿಳಿತಕ್ಕೆ ತಕ್ಕಂತೆ ಉಂಗುರದ ಅಗಲ ಹೆಚ್ಚುಕಡಮೆಯಾಗುತ್ತದೆ. ಒಂದು ಪ್ರದೇಶದ ಮರಗಳಲ್ಲೆಲ್ಲ ಈ ಏರಿಳಿತದ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ತಿಥಿ ಗೊತ್ತಿರುವ ಕ್ರಮದೊಡನೆ ಹೋಲಿಸಿದರೆ ಹಲಗೆಯ ಪ್ರತಿ ಉಂಗುರಕ್ಕೂ ವರ್ಷವನ್ನು ಹೇಳಬಹುದು. ಹಲಗೆಯನ್ನು ಕೊಯ್ಯುವಾಗ ಚೇಗಿನ ಸುತ್ತಣ ಎಳೆಯ ಹೊರಮರವನ್ನು ಕೆತ್ತಿ ತೆಗೆಯುತ್ತಿದ್ದುದರಿಂದ, ಉಳಿದಿರುವ ಕಡೆಯ ಉಂಗುರದ ಮೇಲೆ ಇನ್ನಷ್ಟು ವರ್ಷಗಳನ್ನು ಸೇರಿಸಬೇಕು. ಕಡಿದ ಮರವನ್ನು ಒಣಗಿಸಿದ ಕಾಲವನ್ನೂ ಎಣಿಸಬೇಕು. ಹೀಗಾಗಿ ಈ ಗಣನೆ ಚಿತ್ರ ಎಂದು ರಚಿತವಾಯಿತೆಂಬುದನ್ನು ಹೇಳಲಾರದು. ಎಂದಿಗಿಂತ ಹಿಂದೆ ರಚಿತವಾಗಿರಲಾರದೆಂಬುದನ್ನು ಮಾತ್ರ ಹೇಳುತ್ತದೆ.

ಅಷ್ಟೇ ಇಲ್ಲಿ ಸಾಕಾಯಿತು. ಹ್ಯಾಂಬುರ್ಗಿನ ಪೀಟರ್ ಕ್ಲೈನ್ ಅವರ ಗಣನೆಯ ಪ್ರಕಾರ ನ್ಯೂಯಾರ್ಕಿನ ಫಲಕಕ್ಕೆ ಮರವಾದ ಓಕ್ ರೋಖಿರನು ಸತ್ತಾಗ ಇನ್ನೂ ಕಾಡಿನಲ್ಲಿ ಬೆಳೆಯುತ್ತಿದ್ದಿತು. ಬೆಳೆಯುತ್ತಿರುವ ಮರದ ಮೇಲೆ ಸತ್ತವನು ಚಿತ್ರ ಬರೆಯುವಂತಿಲ್ಲ. ಬರ್ಲಿನ್ನಿನ ಹಲಗೆಗಳಿಗಾದರೋ 1445ಕ್ಕೆ ಮುಂಚಿನ ರಚನೆಯೊಡನೆ ಯಾವ ವಿರೋಧವೂ ಇಲ್ಲ. ಇದಕ್ಕೂ ತುಸು ಭಿನ್ನವಾದ ದಾರಿಯಲ್ಲಿ, 1981ರಲ್ಲಿ ಬರ್ಲಿನ್ನಿನ ರೈನಾಲ್ಡ್ ಗ್ರೋಸ್‌ಹಾನ್ಸ್ ಅವರು ಬರ್ಲಿನ್ ಫಲಕಗಳ ಅವಕೆಂಪು ಕಿರಣ ಪರೀಕ್ಷೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಈ ಕಿರಣಗಳು ಬಣ್ಣದ ಪದರಗಳನ್ನು ದಾಟಿ ಬಿಳಿಯ ತಳಲೇಪದ ಮೇಲೆ ಬರೆದ ಕಪ್ಪು ರೇಖೆಗಳನ್ನು ಕಾಣಿಸುತ್ತವೆ. ಬರ್ಲಿನ್ನಿನಲ್ಲಿ ಆ ಅಡಿರೇಖೆಗಳಿಗೂ ಮೇಲಿನ ಬಣ್ಣಕ್ಕೂ ಎಲ್ಲೆಡೆ ಹೊಂದಿಕೆಯಿಲ್ಲ. ಚಿತ್ರಕಾರನು ಬರೆಯುತ್ತ ಬರೆಯುತ್ತ ಮನಸ್ಸು ಬದಲಾಯಿಸಿದ್ದಾನೆ. ಮುಂದಿರುವ ಚಿತ್ರವನ್ನು ನೋಡಿ ಎತ್ತಿಕೊಳ್ಳುವವನಿಗೆ ಹೀಗೆ ತಡಕಾಡುವ ಅಗತ್ಯ ಬೀಳುವುದಿಲ್ಲ.

ಈ ಎರಡು ಸಾಕ್ಷ್ಯಗಳ ಸ್ವರೂಪಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮರದ ಸಾಕ್ಷ್ಯ ನಿಷೇಧಾತ್ಮಕವಾದುದು. ನ್ಯೂಯಾರ್ಕಿನ ಫಲಕ ರೋಖಿರನದಲ್ಲವೆಂದು ಅದು ಖಂಡಿತವಾಗಿ ಹೇಳುತ್ತದೆ. ಬರ್ಲಿನ್ನಿನದು ರೋಖಿರನದೆಂದು ಹೇಳಲು ಅದಕ್ಕೆ ಶಕ್ತಿಯಿಲ್ಲ. ಒಂದೇ ಕಾಲದಲ್ಲಿ ಒಂದೇ ಬಂದರಿಗೆ ಬಂದ ಹಲಗೆ ಯಾರ ಕಾರ್ಯಾಗಾರಕ್ಕಾದರೂ ಹೋಗಿರಬಹುದು. ಬರ್ಲಿನ್ನಿನದು ರೋಖಿರನದೆಂಬ ನಿರ್ಣಯ ನಿಲ್ಲುವುದು ಪೋನ್ಸನ ದಾಖಲೆ, ಮಠದಿಂದ ಬರ್ಲಿನ್ನಿನವರೆಗಿನ ಕೈಬದಲಾವಣೆಯ ಸರಪಳಿ, ಅಡಿರೇಖೆಯ ತಿದ್ದುಪಡಿಗಳು, ಪ್ರಾದೋ ಚಿತ್ರದೊಡನೆ ಇರುವ ಶೈಲಿಸಾಮ್ಯ, ಇವೆಲ್ಲದರ ಒಟ್ಟು ಭಾರದ ಮೇಲೆ. ವಿಜ್ಞಾನ ಎಲ್ಲವನ್ನೂ ತೀರ್ಮಾನಿಸಿತೆಂದು ಬರೆಯುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ಕಣ್ಣು ಸೋತಿತೆ? ನಮ್ಮ ಅಭಿಪ್ರಾಯದಲ್ಲಿ ಕಣ್ಣು ಕಂಡದ್ದು ಸುಳ್ಳಲ್ಲ. ನ್ಯೂಯಾರ್ಕಿನ ಫಲಕ ನಿಜವಾಗಿಯೂ ಹೆಚ್ಚು ನಯವಾದುದು. ಆ ನಯಕ್ಕೆ ಕೊಟ್ಟ ಅರ್ಥ ತಪ್ಪಾಯಿತು. ಮೂಲವನ್ನು ರಚಿಸುವವನು ಇಲ್ಲದ್ದನ್ನು ಇರುವಂತೆ ಮಾಡಬೇಕು. ಅವನ ಶಕ್ತಿಯ ದೊಡ್ಡ ಪಾಲು ರಚನೆಯಲ್ಲಿ ವೆಚ್ಚವಾಗುತ್ತದೆ. ಪ್ರತಿ ಮಾಡುವವನಿಗೆ ಆ ಚಿಂತೆಯಿಲ್ಲ, ತನ್ನ ಕೌಶಲವನ್ನೆಲ್ಲ ಮೇಲ್ಮೈಗೆ ಮೀಸಲಿಡಬಹುದು. ಸುಗಮವಾದ ಪಾಠ ಕಂಡೊಡನೆ ಅದೇ ಪ್ರಾಚೀನ ಪಾಠವೆಂದು ಗ್ರಂಥಸಂಪಾದಕನು ನಂಬುವುದಿಲ್ಲ. ಸುಗಮವಾಗಿರುವುದೇ ಕೆಲವೊಮ್ಮೆ ಅವನ ಸಂಶಯಕ್ಕೆ ಕಾರಣವಾಗುತ್ತದೆ. ಚಿತ್ರಶಾಸ್ತ್ರಜ್ಞರು ಈ ಎಚ್ಚರವನ್ನು ಇಲ್ಲಿ ಪಾಲಿಸಲಿಲ್ಲ. ಜೊತೆಗೆ, ರಾಣಿಯ ಹೆಸರಿನ ಪ್ರಭೆಯೂ ಅವರ ತೀರ್ಪಿನ ಮೇಲೆ ಬಿದ್ದಿರಬಹುದು.

ಇನ್ನು ಬರ್ಲಿನ್ನಿನ ಫಲಕಗಳನ್ನೇ ನೋಡೋಣ. ಪ್ರತಿಯೆಂಬ ಹೆಸರು ಹೊತ್ತಿದ್ದ ಕಾಲದಲ್ಲಿ ಅವುಗಳಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. ಮೂರು ಫಲಕಗಳಲ್ಲಿಯೂ ಚಿತ್ರದ ಮುಂದುಗಡೆಯೇ ಶಿಲೆಯದೆಂಬಂತೆ ಬರೆದ ಒಂದು ಕಮಾನಿದೆ, ಚರ್ಚಿನ ಮಹಾದ್ವಾರದಂತೆ. ಕಮಾನಿನ ಒಳಬಾಗಿನಲ್ಲಿ ಪುಟ್ಟ ಶಿಲ್ಪಗಳ ಸಾಲು ಇದೆ. ಅವು ಶಿಲ್ಪಗಳಲ್ಲ, ಶಿಲ್ಪವೆಂದು ತೋರುವ ಚಿತ್ರಗಳು. ಮೊದಲ ಕಮಾನಿನಲ್ಲಿ ಕ್ರಿಸ್ತನ ಶೈಶವದ ಕಥೆಗಳು, ಎರಡನೆಯದರಲ್ಲಿ ಅವನ ಯಾತನೆಯ ಕಥೆಗಳು, ಮೂರನೆಯದರಲ್ಲಿ ಪುನರುತ್ಥಾನದಿಂದ ಮೊದಲಾಗಿ ಮರಿಯಳ ಕಿರೀಟಧಾರಣೆಯವರೆಗಿನ ಕಥೆಗಳು. ಹೀಗೆ ಕಾಲದಲ್ಲಿ ವಿಸ್ತಾರವಾಗಿ ಹರಡಿರುವ ವೃತ್ತಾಂತವನ್ನು ಕಲ್ಲಿನ ಬಣ್ಣಕ್ಕೆ ಇಳಿಸಿ ಅಂಚಿಗೆ ಸರಿಸಿ, ಮೂರು ಗಳಿಗೆಗಳನ್ನು ಮಾತ್ರ ಮಾಂಸ ರಕ್ತಗಳ ಬಣ್ಣದಲ್ಲಿ ಹೊಸ್ತಿಲ ಮೇಲೆ ನಿಲ್ಲಿಸಿದ್ದಾನೆ. ಈ ಉಪಾಯ ಎಷ್ಟು ಫಲಕಾರಿಯಾಯಿತೆಂಬುದಕ್ಕೆ ಡೀರಿಕ್ ಬೌಟ್ಸ್ ಮತ್ತು ಪೆಟ್ರುಸ್ ಕ್ರಿಸ್ಟುಸ್ ಅದನ್ನು ತಮ್ಮ ಚಿತ್ರಗಳಿಗೆ ಎತ್ತಿಕೊಂಡದ್ದೇ ಸಾಕ್ಷಿ. ರೋಖಿರನು ತಾನೇ ಮುಂದೆ ಸ್ನಾನಿಕ ಯೋಹಾನನ ಫಲಕತ್ರಯದಲ್ಲಿ ಇದನ್ನು ಮತ್ತೆ ಬಳಸಿದನು. ಅದೂ ಬರ್ಲಿನ್ನಿನಲ್ಲಿಯೇ ಇದೆ.

ಮೂರು ಫಲಕಗಳ ನಾಯಿಕೆ ಮರಿಯಳು. ಮೊದಲನೆಯದರಲ್ಲಿ ಆಕೆಯ ಉಡುಗೆ ಬಿಳಿ, ಎರಡನೆಯದರಲ್ಲಿ ಕೆಂಪು, ಮೂರನೆಯದರಲ್ಲಿ ನೀಲಿ. ಶುದ್ಧಿ, ಶೋಕದಲ್ಲಿ ಪ್ರೇಮ, ಕಡೆಯವರೆಗಿನ ಸ್ಥೈರ್ಯ ಎಂಬ ಮೂರು ಗುಣಗಳಿಗೆ ಈ ಬಣ್ಣಗಳು ಸಲ್ಲುತ್ತವೆ. ಪ್ರತಿ ಕಮಾನಿನ ಶಿರದಲ್ಲಿ ದೇವದೂತನೊಬ್ಬನು ಕಿರೀಟವನ್ನೂ ಬರಹದ ಪಟ್ಟಿಯನ್ನೂ ಹಿಡಿದು, ಆ ಆ ಗುಣಕ್ಕಾಗಿ ಆಕೆಗೆ ಕಿರೀಟ ಸಲ್ಲಿತೆಂದು ಸಾರುತ್ತಾನೆ. ಇಷ್ಟನ್ನು ಯಾವ ಧರ್ಮಪಂಡಿತನಾದರೂ ಯೋಜಿಸಿಕೊಡಬಹುದಾಗಿತ್ತು. ರೋಖಿರನು ಮಾತ್ರ ಮಾಡಬಹುದಾಗಿದ್ದುದು ಬೇರೆ. ಮೊದಲ ಫಲಕದಲ್ಲಿ ಬೆತ್ತಲೆ ಶಿಶು ತಾಯಿಯ ಮಡಿಲಲ್ಲಿ ಮಲಗಿದೆ; ವೃದ್ಧ ಯೋಸೇಫನು ಊರುಗೋಲಿಗೆ ಆತು ತೂಕಡಿಸುತ್ತಿದ್ದಾನೆ. ನಡುವಣ ಫಲಕದಲ್ಲಿ ಅದೇ ಮಡಿಲಲ್ಲಿ ಬೆಳೆದ ಮಗನ ಶವವಿದೆ. ಮಡಿಲಿಗೆ ಶವ ಹಿಡಿಸುವುದಿಲ್ಲ. ಮರಗಟ್ಟಿದ ದೇಹ ಅಡ್ಡಲಾಗಿ ಚಾಚಿ ಬಿದ್ದಿದೆ. ತಾಯಿ ಅದನ್ನು ಬಾಚಿ ತಬ್ಬಿ ತನ್ನ ಮುಖವನ್ನು ಅವನ ಮುಖಕ್ಕೆ ಒತ್ತಿದ್ದಾಳೆ. ಯೋಹಾನನು ಆಕೆಯನ್ನು ಹಿಡಿದಿದ್ದಾನೆ. ಎರಡು ಫಲಕಗಳನ್ನು ಅಕ್ಕಪಕ್ಕದಲ್ಲಿ ನೋಡಿದವನಿಗೆ, ಶಿಶುವಿನ ನಿದ್ರೆ ಯಾವುದರ ಮುನ್ಸೂಚನೆಯೆಂದು ಯಾವ ಬರಹದ ಪಟ್ಟಿಯೂ ಹೇಳಬೇಕಾಗಿಲ್ಲ.

ಮೂರನೆಯ ಪ್ರಸಂಗ ಸುವಾರ್ತೆಗಳಲ್ಲಿ ಇಲ್ಲ. ಪುನರುತ್ಥಾನದ ಅನಂತರ ಕ್ರಿಸ್ತನು ಮೊದಲು ತಾಯಿಗೇ ಕಾಣಿಸಿಕೊಂಡಿರಬೇಕೆಂಬ ಭಕ್ತರ ನಂಬಿಕೆ ಮಧ್ಯಯುಗದ ಧ್ಯಾನಗ್ರಂಥಗಳಲ್ಲಿ ಬೆಳೆದು ಬಂದದ್ದು. ಪ್ರಾರ್ಥನೆಯಲ್ಲಿ ಮುಳುಗಿದ್ದ ಮರಿಯಳು ಬೆಚ್ಚಿ ತಿರುಗುತ್ತಾಳೆ. ಮಗನು ಗಾಯಗಳುಳ್ಳ ಕೈಗಳನ್ನು ತೋರುತ್ತ ನಿಂತಿದ್ದಾನೆ. ಹಿಂದಿನ ಬಾಗಿಲಾಚೆ ದೂರದ ಬಯಲಿನಲ್ಲಿ ಅವನು ಸಮಾಧಿಯಿಂದ ಏಳುವ ದೃಶ್ಯ ಕಿರಿದಾಗಿ ಕಾಣುತ್ತದೆ. ಮೂರರಲ್ಲಿ ಇದು ಅತ್ಯಂತ ಸಂಯಮದ್ದು. ತಾಯಿಯೂ ಮಗನೂ ಮುಟ್ಟುವುದಿಲ್ಲ. ಮೊದಲೆರಡು ಫಲಕಗಳಲ್ಲಿ ಮಡಿಲೇ ಸ್ಥಾನವಾಗಿದ್ದವನು ಇಲ್ಲಿ ಎದುರಿಗೆ ನಿಂತಿದ್ದಾನೆ. ನಡುವೆ ಬರಿಯ ಜಾಗವಿದೆ. ಮೌನವ್ರತಿಗಳ ಮಠಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ದುರ್ಲಭ. ಮೂರನೆಯ ಫಲಕವನ್ನು ನ್ಯೂಯಾರ್ಕಿನಲ್ಲಿ ಒಂಟಿಯಾಗಿ ನೋಡುವವರಿಗೆ ಈ ಜಾಗದ ಅರ್ಥ ಹೊಳೆಯುವುದು ಕಷ್ಟ.

ದೋಷಗಳಿಲ್ಲವೆಂದಲ್ಲ. ಕಮಾನುಗಳ ಶಿಲ್ಪವಿವರ ಕೆಲವೆಡೆ ಕಣ್ಣಿಗೆ ದಣಿವಾಗುವಷ್ಟು ಹೆಚ್ಚಿದೆ. ಪ್ರಾದೋ ಚಿತ್ರದಲ್ಲಿ ಹತ್ತು ಜನರನ್ನು ಒಂದೇ ನಿಟ್ಟುಸಿರಿನಂತೆ ಹೆಣೆದವನ ಧೈರ್ಯ ಇಲ್ಲಿ ಚೌಕಟ್ಟಿಗೆ ಸಿಕ್ಕಿಕೊಂಡಿದೆ. ಆದರೆ ನಡುವಣ ಫಲಕದ ಮುಂದೆ ಈ ಆಕ್ಷೇಪಣೆ ಹೆಚ್ಚು ಹೊತ್ತು ನಿಲ್ಲಲಾರದು. 2015ರಲ್ಲಿ ಪ್ರಾದೋ ಸಂಗ್ರಹಾಲಯ ಲಿಖಿತಾಧಾರವುಳ್ಳ ಮೂರು ಕೃತಿಗಳನ್ನೂ ಒಂದೇ ಪ್ರದರ್ಶನದಲ್ಲಿ ಕೂಡಿಸಿತು. ಎಣಿಕೆಯಲ್ಲಿ ಮೂರನೆಯ ಸ್ಥಾನದಲ್ಲಿ ಅಲ್ಲಿ ನಿಂತದ್ದು ಬರ್ಲಿನ್ನಿನ ಫಲಕತ್ರಯ.

ಪ್ರತಿಯ ವಿಷಯ ಉಳಿಯಿತು. ಅದನ್ನು ಬರೆದವನಾರು? ಮೆಟ್ರೊಪಾಲಿಟನ್ ಸಂಗ್ರಹಾಲಯ ತನ್ನ ಫಲಕಕ್ಕೆ ಹುವಾನ್ ದೆ ಫ್ಲಾಂದೆಸನ ಹೆಸರನ್ನು ಕೊಟ್ಟಿದೆ. ಹುಟ್ಟಿನಿಂದ ಫ್ಲೆಮಿಷನಾದ ಇವನು 1496ರಿಂದ 1504ರಲ್ಲಿ ಇಸಬೆಲಾ ತೀರಿಕೊಳ್ಳುವವರೆಗೆ ಆಕೆಯ ಆಸ್ಥಾನದಲ್ಲಿದ್ದನು. ಅದೇ ಕಾಲದಲ್ಲಿ, 1496ರಿಂದ 1499ರವರೆಗೆ, ಮಿರಾಫ್ಲೋರೆಸ್ ಮಠಕ್ಕಾಗಿ ಸ್ನಾನಿಕ ಯೋಹಾನನ ಚಿತ್ರವೇದಿಕೆಯನ್ನು ಬರೆದವನೂ ಇವನೇ ಎಂದು ಬಹುಮಂದಿ ಒಪ್ಪುತ್ತಾರೆ. ಅಂದಮೇಲೆ ರೋಖಿರನ ಫಲಕಗಳು ವರ್ಷಗಟ್ಟಲೆ ಇವನ ಕಣ್ಣೆದುರಿಗೆ ಇದ್ದುವು. ಮರದ ಕಾಲ, ರಾಣಿಯ ಆಶ್ರಯ, ಮಠದ ಸಂಪರ್ಕ ಮೂರೂ ಈ ಹೆಸರಿಗೆ ಅನುಕೂಲವಾಗಿವೆ. ರಾಣಿಗಾಗಿ ಇವನು ಬರೆದ ಕಿರುಫಲಕಗಳ ತೆಳುವಾದ, ಬೆಳಕು ತುಂಬಿದ ಕುಂಚಗಾರಿಕೆಯೂ ಹೊಂದುತ್ತದೆಂದು ನಮಗೆ ಅನ್ನಿಸುತ್ತದೆ. ಆದರೆ ಪ್ರತಿಕಾರನು ತನ್ನ ಕೈಯನ್ನು ಮರೆಸಿಕೊಳ್ಳುವುದೇ ಅವನ ಕೆಲಸವಾಗಿರುವಾಗ ಶೈಲಿಯ ಸಾಕ್ಷ್ಯಕ್ಕೆ ಇಲ್ಲಿ ಮಿತಿಯುಂಟು. ಹೆಸರನ್ನು ಸಂಭಾವ್ಯವೆಂದು ಸ್ವೀಕರಿಸುವುದು ಉಚಿತ, ನಿಶ್ಚಿತವೆಂದು ಅಲ್ಲ.

ಪ್ರತಿಯೆಂದ ಮಾತ್ರಕ್ಕೆ ಅದನ್ನು ಕೀಳಾಗಿ ಎಣಿಸುವುದೂ ಸರಿಯಲ್ಲ. ಪೂಜ್ಯವಾದ ಚಿತ್ರದ ಪ್ರತಿ ಮೂಲದ ಮಹಿಮೆಯಲ್ಲಿ ಪಾಲು ಪಡೆಯುತ್ತದೆಂದು ಆ ಕಾಲದವರು ತಿಳಿದಿದ್ದರು. ಮಠದ ಸ್ವತ್ತನ್ನು ಮುಟ್ಟದೆ, ತಂದೆ ನೋಡಿದ್ದನ್ನೇ ತಾನೂ ನೋಡುತ್ತ ಪ್ರಾರ್ಥಿಸಲು ರಾಣಿಗೆ ಇದ್ದ ದಾರಿ ಪ್ರತಿಯೊಂದೇ. ವಿದ್ವಾಂಸರು ಮೂಲವೆಂದು ಅದನ್ನು ಕೊಂಡಾಡಿದ ಕಾಲದಲ್ಲಿ ಈ ಅರ್ಥ ಮರೆಯಾಗಿತ್ತು. ಗ್ರನಾಡಾದ ಎರಡು ಫಲಕಗಳ ಮೇಲಣ ಕಮಾನುಗಳು ಕತ್ತರಿಸಿಹೋಗಿರುವುದರಿಂದ, ರಾಣಿಯ ಚಿತ್ರಕಾರನು ಶಿಲ್ಪದ ಸಾಲನ್ನು ಹೇಗೆ ಓದಿಕೊಂಡನೆಂಬುದನ್ನು ಪೂರ್ತಿಯಾಗಿ ನೋಡಲು ಈಗ ನ್ಯೂಯಾರ್ಕಿನ ಫಲಕವೊಂದೇ ಉಳಿದಿದೆ.